ನಾಲ್ಕು ತಾಲ್ಲೂಕಿನ ದಾರಿ, ಒಂದು ಹನಿ ಪೆಟ್ರೋಲು

ಗವಿಸಿದ್ಧೇಶ್ವರನ ಜಾತ್ರೆ ಮುಗಿದು ವಾರವಾಗಿತ್ತು. ಕೊಪ್ಪಳದ ಗವಿಮಠದ ಬಯಲಿನಲ್ಲಿ ಅಂಗಡಿಕಾರರು ತಗಡುಗಳನ್ನು ಬಿಚ್ಚಿ ಲಾರಿಗೆ ಹೇರುತ್ತಿದ್ದರು. ಮಠದ ಮೇಲಣ ಬಂಡೆಯಲ್ಲಿ ಅಶೋಕ ಚಕ್ರವರ್ತಿ ಬರೆಯಿಸಿದ ಬ್ರಾಹ್ಮೀ ಲಿಪಿಯ ಶಾಸನವಿದೆ. ಅಂಥದೇ ಇನ್ನೊಂದು ಪಕ್ಕದ ಪಾಲ್ಕಿಗುಂಡಿನಲ್ಲಿದೆ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಮೇರೆಯನ್ನು ಹೇಳುವಾಗ ಹೆಸರಿಸುವ ಕೊಪಣ ನಗರ ಇದೇ. 1858ರಲ್ಲಿ ಮುಂಡರಗಿಯ ಭೀಮರಾಯನು ಇಂಗ್ಲಿಷರೊಡನೆ ಹೋರಾಡಿ ಮಡಿದುದು ಇಲ್ಲಿಯ ಕೋಟೆಯಲ್ಲಿ. ಇಷ್ಟು ಹಳೆಯ ಊರಿನಲ್ಲಿ ನಲವತ್ತು ವರ್ಷದ ಒಂದು ಮೋಟಾರು ಸೈಕಲ್ಲನ್ನು ಹಳೆಯದೆನ್ನುವುದು ಹಾಸ್ಯವೇ ಸರಿ. ಆದರೂ ಕೋಟೆಯ ಕೆಳಗಣ ಒಂದು ಓಣಿಯ ಮನೆಯಲ್ಲಿ ಆ ದಿನ ಅಂಥ ಒಂದು ಗಾಡಿಯ ಆಯುಸ್ಸಿನ ವಿಚಾರ ನಡೆದಿತ್ತು.

ಮನೆಯ ಯಜಮಾನರು ನಿವೃತ್ತ ಶಾಲಾ ಮಾಸ್ತರರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಅವರು ಬಳಪ ಹಿಡಿದವರು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಅದರ ಪಾಲಿಗೆ ಬಂದವು ಈ ನಾಲ್ಕೇ. ಕುಕನೂರು, ಕನಕಗಿರಿ, ಕಾರಟಗಿಗಳು ತಾಲ್ಲೂಕುಗಳೆನಿಸಿದ್ದು ಆಮೇಲಿನ ಮಾತು. ಬಸ್ಸು ಕಾಣದ ಊರುಗಳಿಗೆ ವರ್ಗವಾದಾಗಲೆಲ್ಲ ಮಾಸ್ತರರನ್ನು ಹೊತ್ತದ್ದು ಒಂದು ಯೆಜ್ಡಿ. ಆ ಸೀಮೆಯ ಬಾಯಲ್ಲಿ ಅದು ‘ಫಟಫಟಿ’.

ಯೆಜ್ಡಿ ಕನ್ನಡ ನೆಲದಲ್ಲಿಯೇ ಹುಟ್ಟಿದ ವಾಹನ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರು ಸೈಕಲ್ಲುಗಳನ್ನು ಮಾಡತೊಡಗಿತು; 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಪೇಟೆಗೆ ಬಂದುವಾದರೂ ಅವುಗಳ ಎಂಜಿನ್ನು ಬೇರೆ ಕುಲದ್ದು. ಹಳೆಯದರದು ಎರಡು ಹೊಡೆತದ ಎಂಜಿನ್ನು; ಪೆಟ್ರೋಲಿನಲ್ಲಿ ಎಣ್ಣೆಯನ್ನು ಬೆರೆಸಿಯೇ ಕುಡಿಸಬೇಕು. ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ತಿರುಗಿ ಗೇರಿನ ಸನ್ನೆಯಾಗುವುದು ಅದರ ಇನ್ನೊಂದು ಸೋಜಿಗ. ಮೊದಲ ಬಾರಿ ನೋಡಿದವರು ಗೇರಿನ ಸನ್ನೆಯನ್ನು ಹುಡುಕುತ್ತ ನಿಲ್ಲುವುದುಂಟು.

ಮನೆಯಲ್ಲಿ ಎದ್ದಿದ್ದ ತೊಡಕು ಚಿಕ್ಕದು, ಆದರೆ ಚಿಕ್ಕದೆಂದು ನಗುವಂಥದಲ್ಲ. ಗಾಡಿ ನಿಲ್ಲುತ್ತಿದ್ದುದು ಪಡಸಾಲೆಯ ಮೂಲೆಯಲ್ಲಿ. ಅದರ ಕೆಳಗೆ ರಾತ್ರಿ ಹಾಸಿದ ಪತ್ರಿಕೆಯ ಹಾಳೆಯಲ್ಲಿ ಬೆಳಗಾಗುವಾಗ ಒಂದು ಕಲೆ ಇರುತ್ತಿತ್ತು. ದೀಪಾವಳಿಯ ಹೊತ್ತಿಗೆ ರೂಪಾಯಿಯಷ್ಟಿದ್ದ ಕಲೆ ಸಂಕ್ರಾಂತಿಯ ಹೊತ್ತಿಗೆ ಗಂಗಾಳದಷ್ಟಾಯಿತು. ಪಡಸಾಲೆಯ ಎದುರಿಗೇ ದೇವರ ಕೋಣೆ, ಅದರ ಪಕ್ಕಕ್ಕೆ ಅಡುಗೆಮನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊಗೆಯಂತೆ ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ಕೂಡುತ್ತದೆ. ಮಾಸ್ತರರ ಸೊಸೆ ಇದನ್ನು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ. ಹೊಸ್ತಿಲಿನ ಬಳಿ ಬಾಗಿದಾಗ ವಾಸನೆ ಹೆಚ್ಚೆಂಬುದು ಮಾತ್ರ ಆಕೆಗೆ ಗೊತ್ತಿತ್ತು.

“ಮಾವಾರ, ಮುಂಜಾನೆ ದೀಪಾ ಹಚ್ಚಾಕ ಅಂಜಿಕಿ ಬರತೈತ್ರಿ,” ಎಂದಳು ಒಂದು ದಿನ.

ಅಷ್ಟೇ ಮಾತು. ಮಾಸ್ತರರು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಗುಜರಿಯವನಿಗೆ ಹೇಳಿಕಳಿಸಿ, ಸೋಮವಾರ ಬಂದು ಗಾಡಿಯನ್ನು ಒಯ್ಯುವಂತೆ ನಿಶ್ಚಯಿಸಿದರು. ಅದಕ್ಕೆ ಮೊದಲು ನಾಲ್ಕೂ ತಾಲ್ಲೂಕುಗಳನ್ನು ಒಂದು ಸಲ ಸುತ್ತಿ ಬರಬೇಕೆಂಬುದೊಂದೇ ಅವರ ಆಸೆ. ಬೆಂಗಳೂರಿನಿಂದ ಜಾತ್ರೆಗೆ ಬಂದು ಉಳಿದಿದ್ದ ಮೊಮ್ಮಗ ಗಾಡಿ ನಡೆಸುವುದೆಂದೂ ಅಜ್ಜ ಹಿಂದೆ ಕೂಡುವುದೆಂದೂ ಗೊತ್ತಾಯಿತು. ಸೋರುವ ಗಾಡಿಯನ್ನು ಏರಿ ಹೀಗೆ 200 ಕಿಲೋಮೀಟರು ಹೊರಡುವುದು ಜಾಣರ ಲಕ್ಷಣವಲ್ಲ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ಬೀಳುವುದೆಂದರೆ ಬೆಂಕಿಯೊಡನೆ ಸರಸ. ಆದರೆ ಹೊರಟವರು ಹೊರಟರು.

ಗಿಣಿಗೇರಿಯನ್ನು ದಾಟಿ ಮುನಿರಾಬಾದಿಗೆ ಬರುವ ದಾರಿಯಲ್ಲಿ ಕಬ್ಬಿಣದ ಕಾರ್ಖಾನೆಗಳ ಧೂಳು. ರಸ್ತೆ ಬದಿಯ ಬೇವಿನ ಎಲೆಗಳೂ ಕಂದು. ಮುನಿರಾಬಾದಿನಲ್ಲಿ ತುಂಗಭದ್ರೆಯ ಅಣೆಕಟ್ಟು ಕಾಣುತ್ತಲೂ ಇಬ್ಬರೂ ಇಳಿದರು. 1953ರಲ್ಲಿ ಮುಗಿದ ಈ ಅಣೆಕಟ್ಟೆಗೆ 33 ಬಾಗಿಲುಗಳು. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಒಂದೇ ಕಂಡಿಯಿಂದ ಧುಮ್ಮಿಕ್ಕತೊಡಗಿದಾಗ, ಒತ್ತಡ ತಗ್ಗಿಸಲೆಂದು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಗಂಗಾವತಿಯ ಭತ್ತದ ರೈತರು ಆ ವಾರ ನಿದ್ದೆಗೆಟ್ಟರು. ಬಾಗಿಲುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಅಷ್ಟು ದೊಡ್ಡ ಕೆಲಸವನ್ನು ಮಾಡಿದವರು ಜಲಾಶಯ ಬರಿದಾಗುವವರೆಗೆ ಕಾಯಲಿಲ್ಲ ಎಂಬುದನ್ನು ಮಾಸ್ತರರು ಮೊಮ್ಮಗನಿಗೆ ಎರಡು ಸಲ ಹೇಳಿದರು.

ಹುಡುಗ ಕೇಳುತ್ತಿರಲಿಲ್ಲ, ಬಗ್ಗಿ ಎಂಜಿನ್ನನ್ನು ನೋಡುತ್ತಿದ್ದ. ಕಾರ್ಬುರೇಟರಿನ ಬಟ್ಟಲಿನ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು. ಅದು ಬಿತ್ತು. ಎಣಿಸುತ್ತ ನಿಂತರೆ ಇಪ್ಪತ್ತಕ್ಕೆ ಇನ್ನೊಂದು.

ಹುಲಿಗಿಯ ಹುಲಿಗೆಮ್ಮನಿಗೆ ಕೈಮುಗಿದು ಹೊಳೆಯ ದಂಡೆಯ ಹಾದಿ ಹಿಡಿದರೆ ಸೀಮೆಯ ಬಣ್ಣವೇ ಬದಲಾಗುತ್ತದೆ. ಒಂದು ಮಗ್ಗುಲಿಗೆ ರಾಶಿ ಹಾಕಿದಂತಿರುವ ಕಲ್ಲುಗುಂಡುಗಳ ಗುಡ್ಡ, ಇನ್ನೊಂದು ಮಗ್ಗುಲಿಗೆ ಬಾಳೆ, ತೆಂಗು, ಭತ್ತ. ಸಾಣಾಪುರ, ಅಂಜನಾದ್ರಿ, ಆನೆಗೊಂದಿ ಈ ಹಾದಿಯ ಊರುಗಳು. ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಡ್ಡಗಟ್ಟೆ ಹಾಕಿ ತೆಗೆದ ಕಾಲುವೆಗಳು ಇಂದಿಗೂ ಇಲ್ಲಿಯ ಗದ್ದೆಗಳಿಗೆ ನೀರುಣಿಸುತ್ತಿವೆ. ಹಂಪಿಗೆ ಬಂದವರು ಹೊಳೆಯ ಈಚೆಗೆ ದಾಟಿ ಅಂಜನಾದ್ರಿಯ ಮೆಟ್ಟಿಲುಗಳನ್ನು ಹತ್ತಿ ಹಿಂದಿರುಗುತ್ತಾರೆ. ಕಾಲುವೆಯ ತೂಬಿನ ಕಡೆಗೆ ಕಣ್ಣು ಹಾಯಿಸುವವರು ಕಡಮೆ. ಆನೆಗೊಂದಿಯ ಚಹದಂಗಡಿಯ ಮುಂದೆ ಮಾಸ್ತರರು ಹುಡುಗನಿಗೆ ಪಾಠ ಮಾಡಿದರು: ಟ್ಯಾಂಕಿನ ತಳದಲ್ಲಿರುವ ಪೆಟ್ರೋಲ್ ಕಾಕ್ ಎಂದರೆ ತೂಬೇ. ಕೆರೆಯಿದ್ದಂತೆ ಟ್ಯಾಂಕು; ಕಾಲುವೆಯಂತೆ ರಬ್ಬರಿನ ನಳಿಗೆ; ಗದ್ದೆಯಂತೆ ಕಾರ್ಬುರೇಟರು. ತೂಬಿಗೆ ಮೂರು ನೆಲೆ: ಬಂದ್, ಚಾಲೂ, ರಿಸರ್ವ್. ಚಾಲೂ ನೆಲೆಯಲ್ಲಿ ಎತ್ತರದ ಕೊಳವೆಯಿಂದ ಪೆಟ್ರೋಲು ಇಳಿಯುತ್ತದೆ; ಅದು ಮುಗಿದಾಗ ರಿಸರ್ವಿಗೆ ತಿರುಗಿಸಿದರೆ ತಳದಲ್ಲಿ ಉಳಿದದ್ದು ಬರುತ್ತದೆ.

“ಹಂಗಾದ್ರ ಅಜ್ಜಾ, ಈಗ ತೂಬು ಸೋರತೈತೋ, ಗದ್ದಿ ಒಡ್ಡು ಒಡದೈತೋ?”

ಪ್ರಶ್ನೆ ಸರಿಯಾದದ್ದೇ ಆಗಿತ್ತು. ಉತ್ತರ ಅವರಿಬ್ಬರಿಗೂ ತಿಳಿದಿರಲಿಲ್ಲ.

ಗಂಗಾವತಿ ಅಕ್ಕಿಯ ಊರು. ಗಿರಣಿಗಳ ಸಾಲು, ತೌಡಿನ ವಾಸನೆ, ಭತ್ತದ ಚೀಲ ಹೇರಿದ ಟ್ರಾಕ್ಟರುಗಳು. ಪೇಟೆಯ ಗದ್ದಲದಲ್ಲಿ ಯೆಜ್ಡಿಯ ಸದ್ದು ಕೂಡ ಅಡಗಿತು. ದೊಡ್ಡ ರಸ್ತೆಯ ಒಂದು ರಿಪೇರಿ ಅಂಗಡಿಯಲ್ಲಿ ಗಾಡಿಯನ್ನು ತೋರಿಸಿದರು. ಯುವಕನೊಬ್ಬ ಬಗ್ಗಿ ನೋಡಿ, ಹನಿ ಬೀಳುವ ಬಟ್ಟಲಿಗೆ ಬೆರಳಿಟ್ಟು, “ಕಾರ್ಬುರೇಟರ್ ಹೋಗೇತ್ರಿ,” ಎಂದು ಹೇಳಿದ. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಬಟ್ಟಲಿನೊಳಗೆ ತೇಲುವ ಬೆಂಡೊಂದಿದೆ; ಪೆಟ್ರೋಲು ತುಂಬಿದಾಗ ಅದು ಮೇಲೇರಿ ಒಂದು ಸೂಜಿಯನ್ನು ಒತ್ತಿ ಒಳಬರುವ ದಾರಿಯನ್ನು ಮುಚ್ಚುತ್ತದೆ. ಸೂಜಿಯ ತುದಿಗೆ ಕಸ ಸಿಕ್ಕರೂ ಅದು ಸವೆದರೂ ಬಟ್ಟಲು ಉಕ್ಕುತ್ತದೆ. ಅವನು ಬಿಚ್ಚಿದ, ತೊಳೆದ, ಹೊಸ ಸೂಜಿ ಹಾಕಿದ, ಬಟ್ಟಲಿನ ವಾಷರನ್ನೂ ಬದಲಿಸಿದ. ಎರಡು ತಾಸು ಹಿಡಿಯಿತು. ಒರೆಸಿ ಕೊಟ್ಟಾಗ ಗಾಡಿ ಒಣಗಿತ್ತು. ಕೆಲಸ ಮುಗಿಯಿತೆಂದೇ ಎಲ್ಲರಿಗೂ ತೋರಿತು.

ಕಣ್ಣಿದ್ದವರು ಕನಕಗಿರಿಯನ್ನೂ ಕಾಲಿದ್ದವರು ಹಂಪಿಯನ್ನೂ ನೋಡಬೇಕೆಂಬ ಮಾತು ಆ ನಾಡಿನ ಮಕ್ಕಳ ಬಾಯಲ್ಲಿದೆ. ಹಂಪಿಯಲ್ಲಿ ನಡೆಯಬೇಕು, ಕನಕಗಿರಿಯಲ್ಲಿ ನಿಂತು ನೋಡಬೇಕು. ನಾಯಕರು ಬೆಳೆಸಿದ ಕನಕಾಚಲಪತಿಯ ಗುಡಿ, ಅದರ ಕಂಬಗಳ ಸಾಲು, ಊರ ಹೊರಗಣ ಮೆಟ್ಟಿಲುಬಾವಿಯ ಕೆತ್ತನೆ ಇವು ಓಡುವವರಿಗೆ ಕಾಣಿಸುವಂಥವಲ್ಲ. ಅಜ್ಜ ಮೊಮ್ಮಗ ಗುಡಿಯಿಂದ ಹೊರಬಂದಾಗ ಗಾಡಿಯ ಕೆಳಗೆ ಮಣ್ಣು ಒದ್ದೆಯಾಗಿತ್ತು. ಅದೇ ಬಟ್ಟಲು, ಅದೇ ಹನಿ.

ಹುಡುಗ ತನ್ನ ಫೋನಿನಲ್ಲಿ ಓದಿ ಉಪಾಯವೊಂದನ್ನು ಹೇಳಿದ. ಅಜ್ಜನಿಗೂ ಅದು ಗೊತ್ತಿತ್ತು: ಬಟ್ಟೆ ಒಗೆಯುವ ಸಾಬೂನು. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲ; ಒದ್ದೆಯ ಸಂದಿಗೆ ತಿಕ್ಕಿದರೆ ಮೇಣದಂತೆ ಕೂತು ಕೆಲವು ತಾಸು ಸೋರಿಕೆ ನಿಲ್ಲಿಸುತ್ತದೆ. ಲಾರಿಯವರು ಲಾಗಾಯ್ತಿನಿಂದ ಬಲ್ಲ ಮದ್ದು ಇದು. ಅಂಗಡಿಯಿಂದ ಒಂದು ತುಂಡು ತಂದು ಬಟ್ಟಲಿನ ಸುತ್ತ ತಿಕ್ಕಿದರು. ನಿಲ್ಲಲಿಲ್ಲ. ಮದ್ದು ಸರಿಯಾದದ್ದೇ, ಗಾಯ ಬೇರೆ ಕಡೆ ಇತ್ತು.

ತಾವರಗೇರಾದಲ್ಲಿ ನಡೆದದ್ದನ್ನು ಮಾಸ್ತರರು ಮನೆಯಲ್ಲಿ ಪೂರ್ತಿ ಹೇಳಲಿಲ್ಲ. ಚಹಕ್ಕೆಂದು ನಿಂತಾಗ ಮುದುಕನೊಬ್ಬ ಗಾಡಿಯನ್ನು ಪ್ರೀತಿಯಿಂದ ನೋಡುತ್ತ, ತನ್ನ ಅಣ್ಣನ ಬಳಿಯೂ ಇಂಥದೇ ಇತ್ತೆಂದು ಹೇಳುತ್ತ, ಅದರ ಪಕ್ಕಕ್ಕೇ ಕುಕ್ಕರುಗಾಲಿನಲ್ಲಿ ಕೂತು ಬೀಡಿಗೆ ಕಡ್ಡಿ ಗೀರಲು ಹೋದ. ಮಾಸ್ತರರು ಕೈಯಲ್ಲಿದ್ದ ಚಹದ ಲೋಟವನ್ನು ಬಿಸಾಡಿ ಅವನ ಕೈ ಹಿಡಿದರು. ಕಡ್ಡಿ ಹೊತ್ತಿರಲಿಲ್ಲ. ಮುದುಕ ಕ್ಷಮೆ ಕೇಳಿದ. ಚಹದಂಗಡಿಯವನು ಇನ್ನೊಂದು ಲೋಟ ಚಹ ಕೊಟ್ಟ. ಮಾಸ್ತರರ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

“ನಿಮ್ಮವ್ವ ಹೇಳಿದ್ದು ಖರೇ ಅದ ತಮ್ಮಾ,” ಎಂದರು. “ಸೋಮವಾರ ಇದು ಹೋಗಲಿ.”

ಹುಡುಗನಿಗೆ ಏನೂ ಹೇಳಲು ತೋಚಲಿಲ್ಲ. ಅಲ್ಲಿಂದ ಕುಷ್ಟಗಿಯವರೆಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಗಾಡಿಯನ್ನು ನಿಲ್ಲಿಸಿ, ಬಟ್ಟಲನ್ನು ಒರೆಸಿ, ಮತ್ತೆ ನಡೆಸಿದ.

ಕುಷ್ಟಗಿ ಗಂಗಾವತಿಯ ನೆರೆಯ ತಾಲ್ಲೂಕೆಂದು ನಕಾಶೆ ಹೇಳುತ್ತದೆ, ಕಣ್ಣು ಒಪ್ಪುವುದಿಲ್ಲ. ಕಾಲುವೆಯ ಹಸಿರು ಹಿಂದುಳಿದು ಮಳೆಯನ್ನೇ ನಂಬಿದ ಹೊಲಗಳು ತೆರೆದುಕೊಳ್ಳುತ್ತವೆ. ಸಜ್ಜೆ, ಜೋಳ, ಮೆಕ್ಕೆಜೋಳ. ಕೊಳವೆಬಾವಿ ಇದ್ದವರಲ್ಲಿ ದಾಳಿಂಬೆ. ಸೀರೆಗೂ ಕೆಂಪು ಗ್ರಾನೈಟಿಗೂ ಹೆಸರಾದ ಇಳಕಲ್ಲು ಇಲ್ಲಿಂದ ದೂರವೇನಲ್ಲ. ಇಲ್ಲಿಯ ಜನ ನೀರನ್ನು ಕೊಡದಲ್ಲಿ ಅಳೆದು ಬಲ್ಲವರು.

ರಾತ್ರಿ ಬಂಧುಗಳ ಮನೆಯಲ್ಲಿ ಉಳಿದರು. ಊಟಕ್ಕೆ ಮೊದಲು ಮಾಸ್ತರರು ಗಾಡಿಯನ್ನು ಬಯಲಿಗೆ ತಳ್ಳಿಸಿ ಒಂದು ಹರಿವೆ ಬಟ್ಟೆಯಿಂದ ಕಾಕ್‌ನಿಂದ ಕಾರ್ಬುರೇಟರಿನವರೆಗೆ ಎಲ್ಲವನ್ನೂ ಒಣಗಿಸಿದರು. ಆಮೇಲೆ ಆ ಮನೆಯ ಮಗುವಿನ ಚೀಲದಿಂದ ಒಂದು ಸೀಮೆಸುಣ್ಣದ ತುಂಡನ್ನು ಕೇಳಿ ಪಡೆದು, ಕಲ್ಲಿನ ಮೇಲೆ ಪುಡಿಮಾಡಿ, ಊದಿ ಊದಿ ಆ ಲೋಹದ ಮೇಲೆಲ್ಲ ಹರಡಿದರು. ಎಂಜಿನ್ನು ತಣ್ಣಗಿತ್ತು. ಹತ್ತಿರ ಒಲೆಯಿಲ್ಲ, ದೀಪವಿಲ್ಲ. ಹುಡುಗ ಬ್ಯಾಟರಿ ಹಿಡಿದಿದ್ದ. ಮೂವತ್ತೈದು ವರ್ಷ ಸೀಮೆಸುಣ್ಣದ ಪುಡಿಯನ್ನು ಉಸಿರಾಡಿದ ಮನುಷ್ಯನಿಗೆ ಅದು ಹೇಗೆ ಒದ್ದೆಯಾಗುತ್ತದೆಂಬುದು ಚೆನ್ನಾಗಿ ಗೊತ್ತಿತ್ತು.

ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕಾಕ್‌ನ ಕೀಲಿಯ ಹಿಂದೆ, ಅದು ತಿರುಗುವ ಸಂದಿನಲ್ಲಿ, ಬಿಳಿಯ ಪುಡಿ ಕಂದಿತು. ಕಂದಿದ್ದು ಗೆರೆಯಾಯಿತು. ಗೆರೆ ಕಾಕ್‌ನ ಕೆಳಗಿಳಿದು, ರಬ್ಬರ್ ನಳಿಗೆಯ ಹೊರಮೈ ಹಿಡಿದು, ಕಾರ್ಬುರೇಟರಿನ ಹೆಗಲಿಗೆ ಬಂದು, ಬಟ್ಟಲನ್ನು ಬಳಸಿ, ಅದರ ತುದಿಯಲ್ಲಿ ಹನಿಯಾಗಿ ನಿಂತಿತು. ಗೇಣುದ್ದದ ಆ ಪ್ರಯಾಣವನ್ನು ಅಜ್ಜ ಮೊಮ್ಮಗ ಉಸಿರು ಬಿಗಿಹಿಡಿದು ನೋಡಿದರು. ಬಟ್ಟಲಿನ ಒಳಗಿನಿಂದ ಒಂದು ತೊಟ್ಟೂ ಬಂದಿರಲಿಲ್ಲ.

ದ್ರವದ ಸ್ವಭಾವವೇ ಹಾಗೆ. ಸೋರಿದ ಕಡೆ ಅದು ಬೀಳುವುದಿಲ್ಲ. ಮೈ ಹಿಡಿದು ಇಳಿದು ಎಲ್ಲಕ್ಕಿಂತ ತಗ್ಗಿನ ತುದಿಯಿಂದ ಬೀಳುತ್ತದೆ. ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದ ಯಾರಿಗೂ ಇದು ಹೊಸತಲ್ಲ. ಎರಡು ಹೊಡೆತದ ಎಂಜಿನ್ನಿನಲ್ಲಿ ಇನ್ನೊಂದು ಅನುಕೂಲವಿದೆ: ಪೆಟ್ರೋಲು ಆರಿಹೋದರೂ ಅದರಲ್ಲಿ ಬೆರೆಸಿದ ಎಣ್ಣೆ ಆರುವುದಿಲ್ಲ, ದಾರಿಯುದ್ದಕ್ಕೂ ಅದು ಧೂಳನ್ನು ಹಿಡಿದು ಕಪ್ಪು ಗೆರೆ ಉಳಿಸುತ್ತದೆ. ಗಿಣಿಗೇರಿಯ ಧೂಳು ಬೆಳಗ್ಗೆಯೇ ಆ ಗೆರೆಯನ್ನು ಬರೆದಿತ್ತು. ಗಂಗಾವತಿಯಲ್ಲಿ ಮೊದಲು ಒರೆಸಿದ್ದೇ ಅದನ್ನು.

ಮರುಪರೀಕ್ಷೆಗೆಂದು ನಳಿಗೆಯನ್ನು ಕಾಕ್‌ನಿಂದ ಬಿಡಿಸಿ, ಕೀಲಿಯನ್ನು ಬಂದ್ ಮಾಡಿ, ಬಾಯಿಗೆ ಪತ್ರಿಕೆಯ ಚೂರೊಂದನ್ನು ಹಿಡಿದರು. ಅದೂ ಒದ್ದೆಯಾಯಿತು. ತೂಬು ಹೊರಕ್ಕೂ ಸೋರುತ್ತಿತ್ತು, ಮುಚ್ಚಿದರೂ ಒಳಕ್ಕೆ ಬಿಡುತ್ತಿತ್ತು. ಆ ರಾತ್ರಿ ಟ್ಯಾಂಕಿನ ಪೆಟ್ರೋಲನ್ನೆಲ್ಲ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಇಳಿಸಿ, ಡಬ್ಬವನ್ನು ಹಿತ್ತಲಿನ ಆಚೆ ಇಟ್ಟೇ ಮಲಗಿದರು.

ಕುಷ್ಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಮಿಸ್ತ್ರಿ ಅರವತ್ತು ದಾಟಿದವನು. ಇಂಥ ಕಥೆಗಳಲ್ಲಿ ಮಿಸ್ತ್ರಿ ಹಳೆಯ ಶಿಷ್ಯನಾಗಿರುವುದು ವಾಡಿಕೆ; ಇವನು ಯಾರ ಶಿಷ್ಯನೂ ಅಲ್ಲ, ಶಾಲೆಯ ಮೆಟ್ಟಿಲನ್ನೇ ಹೆಚ್ಚು ದಿನ ತುಳಿದವನಲ್ಲ. ಮಾಸ್ತರರು ಸೀಮೆಸುಣ್ಣದ ಗೆರೆಯನ್ನು ತೋರಿಸಿದಾಗ ಆತ ನಕ್ಕು, “ನನ್ನ ಅರ್ಧಾ ಕೆಲಸಾ ನೀವs ಮಾಡೀರಲ್ರೀ ಗುರುಗಳ,” ಎಂದ.

ಕಾಕ್‌ನ ಎರಡು ತಿರುಪುಗಳನ್ನು ತೆಗೆದಾಗ ಒಳಗಿನ ಸಂಸಾರ ಬಯಲಾಯಿತು. ಕೀಲಿಯ ಹಿಂಬದಿಗೆ ಗುಂಡನೆಯ ಲೋಹದ ಮುಖ. ಅದನ್ನು ಒತ್ತುವ ಅಲೆಯಲೆಯಾದ ಒಂದು ಸ್ಪ್ರಿಂಗ್ ವಾಷರು. ಮುಖದ ಎದುರಿಗೆ ತೂತುಗಳುಳ್ಳ ಒಂದು ರಬ್ಬರ್ ಬಿಲ್ಲೆ. ಕೀಲಿ ತಿರುಗಿದಾಗ ಮುಖದ ತೋಡು ಯಾವ ತೂತುಗಳನ್ನು ಕೂಡಿಸುತ್ತದೆಯೋ ಆ ದಾರಿ ತೆರೆಯುತ್ತದೆ. ಹಳೆಯ ಮೋಟಾರು ಸೈಕಲ್ಲುಗಳಲ್ಲಿ ಹೆಚ್ಚಿನವುಗಳ ಕಾಕ್ ಇದೇ ಮಾದರಿಯದು. ಇನ್ನೂ ಹಳೆಯ ಕೆಲವು ಇಂಗ್ಲಿಷ್ ಗಾಡಿಗಳಲ್ಲಿ ರಬ್ಬರಿನ ಬದಲು ಕಾರ್ಕ್ ಇರುತ್ತಿತ್ತು. ಬಹಳ ದಿನ ನಿಂತ ಗಾಡಿಯ ಕಾರ್ಕ್ ಒಣಗಿ ಸೊರಗಿದಾಗ ಅದನ್ನು ನೀರಿನಲ್ಲಿ ನೆನೆಹಾಕಿ ಉಬ್ಬಿಸಿ ಮತ್ತೆ ಹಾಕುವುದಿತ್ತು. ರಬ್ಬರಿಗೆ ಆ ಪುನರ್ಜನ್ಮವಿಲ್ಲ.

ಬಿಲ್ಲೆ ಒಂದು ಬದಿಗೆ ಉಬ್ಬಿ, ಇನ್ನೊಂದು ಬದಿಗೆ ಬಿರುಕು ಬಿಟ್ಟಿತ್ತು. ಮಿಸ್ತ್ರಿ ಅದನ್ನು ಉಗುರಿನಿಂದ ಒತ್ತಿ ತೋರಿಸಿದ.

“ಈಗಿನ ಪೆಟ್ರೋಲ್‌ದಾಗ ಸ್ಪಿರಿಟ್ ಇರತೈತ್ರಿ. ಹಳೀ ರಬ್ಬರ್ ತಡಿಯೂದಿಲ್ಲ.”

ಆತ ಸ್ಪಿರಿಟ್ ಎಂದದ್ದು ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ನಮ್ಮ ದೇಶದಲ್ಲಿ ಆರಂಭವಾದದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೆ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. ಕಬ್ಬಿನಿಂದಲೂ ಮೆಕ್ಕೆಜೋಳದಿಂದಲೂ ಎಥನಾಲ್ ಮಾಡುತ್ತಾರೆ. ಎಥನಾಲಿಗಾಗಿ ಮಾಡದ ಹಳೆಯ ರಬ್ಬರು ಅದರಲ್ಲಿ ನೆನೆದು ಉಬ್ಬುತ್ತದೆ, ಆರಿದಾಗ ಬಿರಿಯುತ್ತದೆ. ಎಥನಾಲು ನೀರನ್ನೂ ಎಳೆದುಕೊಳ್ಳುವ ವಸ್ತು. ಬಹಳ ದಿನ ನಿಂತ ಟ್ಯಾಂಕಿನಲ್ಲಿ ತುಕ್ಕಿಗೆ ಅದು ಹಾದಿ. ಕುಷ್ಟಗಿಯ ಹೊಲದ ಮೆಕ್ಕೆಜೋಳ ಹೀಗೆ ಮೈಸೂರಿನ ರಬ್ಬರನ್ನು ಹುಡುಕಿಕೊಂಡು ಬಂದಿತೆಂದು ಮಾಸ್ತರರು ವಿನೋದವಾಡಿದರು. ಹಿಂದಿನ ದಿನದ ಮಧ್ಯಾಹ್ನದಿಂದ ಅವರು ನಕ್ಕದ್ದು ಅದೇ ಮೊದಲು.

ಹೊಸ ಬಿಲ್ಲೆ ಅಂಗಡಿಯಲ್ಲಿರಲಿಲ್ಲ. ಮಿಸ್ತ್ರಿ ಪೆಟ್ರೋಲಿಗೆ ತಡೆಯುವ ರಬ್ಬರ್ ಹಾಳೆಯೊಂದನ್ನು ತೆಗೆದು, ಹಳೆಯ ಬಿಲ್ಲೆಯ ಬಿರಿಯದ ಭಾಗದ ದಪ್ಪಕ್ಕೆ ಹೋಲಿಸಿ ನೋಡಿದ. ದಪ್ಪ ಹೆಚ್ಚಾದರೆ ಕೀಲಿ ತಿರುಗದು. ಕಡಮೆಯಾದರೆ ಮತ್ತೆ ಸೋರುವುದು. ಅಂಚನ್ನು ಕತ್ತರಿಯಿಂದಲೂ ತೂತುಗಳನ್ನು ಪಂಚಿನಿಂದಲೂ ಕತ್ತರಿಸಿದ. ತೂತು ಒಂದಿಷ್ಟು ಕಿರಿದಾದರೂ ಏರಿನಲ್ಲಿ ಎಂಜಿನ್ನು ಹಸಿದು ನಿಲ್ಲುತ್ತದೆಯಂತೆ. ಅಲ್ಲಿ ಆತ ಅವಸರ ಮಾಡಲಿಲ್ಲ.

ಹುಡುಗನಿಗೆ ಅಚ್ಚರಿಯಾದದ್ದು ಮುಂದಿನ ಕೆಲಸ. ಕೀಲಿಯ ಲೋಹದ ಮುಖದಲ್ಲಿ ಕಣ್ಣಿಗೆ ಕಾಣದಂಥ ಗೀರುಗಳಿದ್ದುವು. ಉಗುರು ಎಳೆದರೆ ತಿಳಿಯುತ್ತಿದ್ದುವು. ಹೊಸ ರಬ್ಬರನ್ನು ಅವು ಮತ್ತೆ ಕೆರೆದು ಕೆಡಿಸುತ್ತಿದ್ದುವು. ಮಿಸ್ತ್ರಿ ಬಾಗಿಲ ಬಳಿಯಿಂದ ಕೆಂಪು ಗ್ರಾನೈಟಿನ ಒಂದು ತುಂಡನ್ನು ತಂದ. ಮೆರುಗು ಕೊಟ್ಟ ಕಲ್ಲು. ಯಾವುದೋ ಮನೆಯ ಹೊಸ್ತಿಲಿಗೆ ಕೊಯ್ದು ಉಳಿದ ಚೂರು. ಅಷ್ಟು ಸಮನಾದ ವಸ್ತು ತನ್ನ ಅಂಗಡಿಯಲ್ಲಿ ಇನ್ನೊಂದಿಲ್ಲವೆಂದ. ಅದರ ಮೇಲೆ ನಯವಾದ ಮರಳು ಕಾಗದವನ್ನು ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಲೋಹದ ಮುಖವನ್ನು ಎಂಟಂಕಿಯ ಆಕಾರದಲ್ಲಿ ಮೆಲ್ಲಗೆ ತಿಕ್ಕಿದ. ಒಂದೇ ದಿಕ್ಕಿಗೆ ತಿಕ್ಕಿದರೆ ಒಂದು ಬದಿ ಸವೆಯುತ್ತದೆ. ಕಾಲುಗಂಟೆಯಲ್ಲಿ ಮುಖ ಕನ್ನಡಿಯಲ್ಲದಿದ್ದರೂ ಒಂದೇ ಬಣ್ಣಕ್ಕೆ ಬಂತು. ಚಪ್ಪಟೆಯಾಗಿದ್ದ ಸ್ಪ್ರಿಂಗ್ ವಾಷರಿಗೆ ಇಕ್ಕಳದಿಂದ ಮತ್ತೆ ಅಲೆ ಕೊಟ್ಟ. ಟ್ಯಾಂಕಿನೊಳಕ್ಕೆ ಹೋಗುವ ಜಾಳಿಗೆಯಲ್ಲಿ ಕೂತಿದ್ದ ತುಕ್ಕಿನ ಹೊಟ್ಟನ್ನು ತೊಳೆದ. ಕಾಕ್ ಟ್ಯಾಂಕಿಗೆ ಕೂಡುವ ಕಡೆಯ ವಾಷರನ್ನೂ, ಕೋಲಿನಂತೆ ಬಿರುಸಾಗಿದ್ದ ನಳಿಗೆಯನ್ನೂ ಬದಲಿಸಿದ. ನಲ್ಲಿಗೆ ಸುತ್ತುವ ಬಿಳಿಯ ಪಟ್ಟಿಯನ್ನು ಸುತ್ತಬಾರದೇ ಎಂದು ಹುಡುಗ ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದ: ಅದರ ಎಳೆ ಹರಿದು ಕಾರ್ಬುರೇಟರಿನ ಸಣ್ಣ ಕಂಡಿಗೆ ಸಿಕ್ಕರೆ ಹೊಸ ರೋಗ.

ಮೊದಲು ಅರ್ಧ ಲೀಟರು ಮಾತ್ರ ಸುರಿದು, ಮತ್ತೆ ಸೀಮೆಸುಣ್ಣ ಊದಿ, ಮೂವರೂ ಕೂತರು. ಚಹ ಬಂತು, ಲೋಟ ಖಾಲಿಯಾಯಿತು. ಪುಡಿ ಬಿಳಿಯಾಗಿಯೇ ಇತ್ತು. ಕೀಲಿಯನ್ನು ಮೂರೂ ನೆಲೆಗೆ ತಿರುಗಿಸಿ ನೋಡಿದ್ದಾಯಿತು, ಬಿಳಿ. ಎಂಜಿನ್ನನ್ನು ಚಾಲೂ ಮಾಡಿ ನಡುಗಿಸಿ ನೋಡಿದ್ದಾಯಿತು, ಬಿಳಿ. ಮಿಸ್ತ್ರಿ ಕೂಲಿಯೆಂದು 150 ರೂಪಾಯಿ ಕೇಳಿದ. ಮಾಸ್ತರರು 200 ಕೊಟ್ಟು ಚಿಲ್ಲರೆ ಕೇಳಲಿಲ್ಲ. ಸೋಮವಾರದ ಮಾತನ್ನು ಅಜ್ಜ ಆಡಲಿಲ್ಲ, ಮೊಮ್ಮಗ ಕೇಳಲಿಲ್ಲ.

ಕುಷ್ಟಗಿಯಿಂದ ಯಲಬುರ್ಗಾಕ್ಕೆ ಬರುವಾಗ ಎರೆಯ ಭೂಮಿ. ಜನವರಿಯ ಕೊನೆಗೆ ಬಿಳಿಜೋಳ ತೆನೆ ತುಂಬಿ ನಿಂತಿರುತ್ತದೆ. ಗಾಳಿ ಬೀಸಿದಾಗ ಹೊಲವೇ ಒಂದು ಮಗ್ಗುಲಿಗೆ ಹೊರಳಿದಂತೆ ಕಾಣುತ್ತದೆ. ಯಲಬುರ್ಗಾ ಇಂದು ಸಾಧಾರಣ ಪಟ್ಟಣ. ಹನ್ನೆರಡನೆಯ ಶತಮಾನದಲ್ಲಿ ಅದು ಎರಂಬರಗೆ, ಸಿಂದ ಅರಸರ ರಾಜಧಾನಿ. ನಿಜಾಮರ ಕಾಲದಲ್ಲಿ ಈ ಸೀಮೆ ಸಾಲಾರಜಂಗರ ಜಹಗೀರಿಗೆ ಸೇರಿತ್ತು. ಮಾಸ್ತರರು ತಾವು ಮೊದಲು ಕೆಲಸಕ್ಕೆ ಸೇರಿದ ಶಾಲೆಯನ್ನು ತೋರಿಸಿದರು. ರವಿವಾರವಾದ್ದರಿಂದ ಬಾಗಿಲು ಹಾಕಿತ್ತು. ಕಿಟಕಿಯಿಂದ ಕರಿಹಲಗೆ ಕಾಣುತ್ತಿತ್ತು. ಶನಿವಾರದ ಲೆಕ್ಕವನ್ನು ಯಾರೂ ಅಳಿಸಿರಲಿಲ್ಲ.

ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ. ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಒಂಬತ್ತು ಗರ್ಭಗುಡಿಗಳು. ಅಲ್ಲಿಂದ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವಾಲಯವನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಸಂಜೆಯ ಬಿಸಿಲು ಅದರ ಕಂಬಗಳ ಮೇಲೆ ಬೀಳುವುದನ್ನು ನೋಡಬೇಕು. ತಿರುಗಣಿಯಲ್ಲಿಟ್ಟು ಕಡೆದ ಆ ಕಲ್ಲಿನ ಕಂಬಗಳ ನುಣುಪಿನಲ್ಲಿ ನೋಡುವವರ ಮುಖದ ನೆರಳು ಕಾಣುತ್ತದೆ. ಹುಡುಗ ಒಂದು ಕಂಬದ ಮೇಲೆ ಉಗುರು ಎಳೆದು ನೋಡಿದ. ಒಂಬತ್ತು ನೂರು ವರ್ಷದ ಹಿಂದಿನ ಕಲ್ಲಿನಲ್ಲಿ ಉಗುರಿಗೆ ಏನೂ ತಗುಲಲಿಲ್ಲ. ಕಾವಲುಗಾರ ಗದರಿಸಿದ, ಗದರಿಸಿದ್ದು ಸರಿಯಾಗಿಯೇ ಇತ್ತು.

ಕೊಪ್ಪಳಕ್ಕೆ ಬಂದಾಗ ಕತ್ತಲಾಗಿತ್ತು. ಗಾಡಿಯನ್ನು ಪಡಸಾಲೆಗೆ ತರುವಾಗ ಸೊಸೆ ಏನೂ ಹೇಳಲಿಲ್ಲ. ಎಂದಿನಂತೆ ಅಂದಿನ ಪತ್ರಿಕೆಯ ನಡುವಣ ಹಾಳೆಯನ್ನು ತೆಗೆದು ತಾನೇ ಅದರ ಕೆಳಗೆ ಹಾಸಿದಳು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದವಳೂ ಆಕೆಯೇ. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ಹೊಸ್ತಿಲಿನ ಬಳಿ ಬಾಗಿ ಒಂದು ಸಲ ಉಸಿರೆಳೆದಳು. ಆಮೇಲೆ ದೇವರ ಕೋಣೆಗೆ ಹೋಗಿ ಕಡ್ಡಿ ಗೀರಿದಳು. ಆ ಸದ್ದು ಮಾಸ್ತರರಿಗೆ ಹಾಸಿಗೆಯಲ್ಲಿಯೇ ಕೇಳಿಸಿತು.

ಎಂಟು ಗಂಟೆಗೆ ಗುಜರಿಯವನು ತಳ್ಳುಗಾಡಿಯೊಡನೆ ಬಂದು ಬಾಗಿಲಲ್ಲಿ ಕೂಗಿದ. ಮಾಸ್ತರರು ಎದ್ದು ಬರುವಷ್ಟರಲ್ಲಿ ಸೊಸೆ ಹೊರಗೆ ಹೋಗಿದ್ದಳು. ದೀಪಾವಳಿಯಿಂದ ಕೂಡಿಹಾಕಿದ್ದ ಕಲೆಯ ಪತ್ರಿಕೆಗಳ ಕಟ್ಟನ್ನು ತಕ್ಕಡಿಗೆ ಹಾಕಿಸಿ, ತೂಕದಲ್ಲಿ ಅವನೊಡನೆ ಎರಡು ಮಾತು ಜಗಳವಾಡಿ, ಹಣ ಎಣಿಸಿಕೊಂಡು ಒಳಗೆ ಬಂದಳು.